ಜ್ವರ ನೋಡುವ ವಾಯರ್

ಮಾನಿಟರ್ ಮತ್ತೆ ಕೂಗಿತು. ಶಿವಯೋಗೀಶನ ಮೈಬಿಸಿ ಒಮ್ಮೆಲೇ ಇಳಿದುಹೋದಂತೆ ತೋರಿಸುತ್ತಿತ್ತು. ನರ್ಸ್ ಸ್ನೇಹಲ್ ಓಡಿಬಂದು ಹಣೆ ಮುಟ್ಟಿದಳು. ಜ್ವರ ಇದ್ದ ಹಾಗೇ ಇತ್ತು. ಎಡಗಂಕುಳಲ್ಲಿ ಅಂಟಿಸಿದ್ದ ಜ್ವರ ನೋಡುವ ವಾಯರ್ ಮಾತ್ರ ಕಿತ್ತು ಹಾಸಿಗೆಯ ಮೇಲೆ ಬಿದ್ದಿತ್ತು. ಬೆಳಗಿನಿಂದ ಇದೇ ಕತೆ.

"ಮತ್ತ ಕೌದಿ ಹೊಚ್ಚಾಕ ಹೋಗಿದ್ರೇನ್ರಿ, ಅವ್ವಾರ?" ಎಂದು ಮಂಚದ ಪಕ್ಕ ಕುಳಿತಿದ್ದ ಅವನ ತಾಯಿ ಶರಣವ್ವನನ್ನು ಸ್ನೇಹಲ್ ಕೇಳಿದಳು. ಅನುಮಾನಕ್ಕೆ ಕಾರಣವಿತ್ತು. ಬೈಕಿನಿಂದ ಬಿದ್ದು ಮಿದುಳಿಗೆ ಪೆಟ್ಟಾಗಿ ಎಚ್ಚರ ತಪ್ಪಿದವನಿಗೆ ಜ್ವರ ಏರಬಾರದೆಂದು ಆಸ್ಪತ್ರೆಯವರು ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಮಲಗಿಸಿದ್ದರೆ, ನಿನ್ನೆ ಈಕೆ "ಹುಡುಗ ಥಂಡಿಗೆ ಸೆಟದಾನ" ಎಂದು ಹೆಬ್ಬಳ್ಳಿಯಿಂದ ತಂದ ಕೌದಿಯನ್ನು ಕದ್ದು ಹೊದಿಸಿದ್ದಳು; ಆ ಎಳೆದಾಟದಲ್ಲಿ ವಾಯರ್ ಕಿತ್ತುಬಂದಿತ್ತು.

"ಕೌದಿ ಗಂಟು ಕಟ್ಟಿ ಇಟ್ಟೇನ್ರಿ. ಮಲ್ಲಯ್ಯನ ಆಣಿ, ನಾ ಮುಟ್ಟಿಲ್ರಿ."

ಮಂಚದ ಬಳಿ ಬೇರೆ ಯಾರೂ ಇರಲಿಲ್ಲ. ಹಾಗಾದರೆ ಕಿತ್ತವರು ಯಾರು? ಸ್ನೇಹಲ್ ಹೊಸ ಪಟ್ಟಿ ಹಚ್ಚಿ ವಾಯರ್ ಅಂಟಿಸಿದಳು. ಹೊರಟವಳಂತೆ ನಾಲ್ಕು ಹೆಜ್ಜೆ ನಡೆದು ಪರದೆಯ ಹಿಂದೆ ನಿಂತು ಇಣುಕಿದಳು. ಅದನ್ನು ಕಂಡ ಶರಣವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕುಳಿತಳು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಪೆಟ್ಟು ಬಿದ್ದಂದಿನಿಂದ ಕಟ್ಟಿಗೆಯಂತೆ ಬಿದ್ದಿದ್ದ ಶಿವಯೋಗೀಶನ ಬಲಗೈ ಮೆಲ್ಲಗೆ ಎದೆಯ ಮೇಲೆ ತೆವಳಿತು. ತಡಕಾಡುತ್ತ ಎಡಗಂಕುಳಿಗೆ ಹೋಯಿತು. ತುರಿಸುತ್ತಿದ್ದ ಪಟ್ಟಿಯನ್ನು ಪರಕ್ಕನೆ ಕಿತ್ತು ಬಿಸಾಕಿತು.

ಮಾನಿಟರ್ ಕೂಗತೊಡಗಿತು. ಸ್ನೇಹಲ್ ಅದನ್ನು ನಿಲ್ಲಿಸುವುದನ್ನೇ ಮರೆತಳು.

"ನಾ ಮುಟ್ಟಿಲ್ಲಂತ ಹೇಳಿದ್ನಿಲ್ರಿ, ಬಾಯಾರ," ಎಂದಳು ಶರಣವ್ವ, ಸೆರಗಿನೊಳಗಿನ ಕೈಗಳನ್ನು ಇನ್ನೂ ಹೊರಗೆ ತೆಗೆಯದೆ.