ತಾಮ್ರದ ಉದ್ಧರಣೆ

ಹುಣಸೆಹಣ್ಣು ಹಚ್ಚಿ ತಾಮ್ರದ ಚೊಂಬು ತಿಕ್ಕುವಾಗ ಏಳುವ ಹುಳಿ ವಾಸನೆಗೆ ಈಗಲೂ ನನ್ನ ಕೈ ಒಮ್ಮೆ ನಿಲ್ಲುತ್ತದೆ.

ಹೊನ್ನಾವರದ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ ಅದು. ಅಜ್ಜ ತೀರ್ಥ ಕೊಡುತ್ತಿದ್ದ ಉದ್ಧರಣೆಯನ್ನು, ಆ ಪುಟ್ಟ ತಾಮ್ರದ ಚಮಚವನ್ನು, ಶನಿವಾರ ಬೆಳಿಗ್ಗೆ ತೊಳೆಯಲು ಒಯ್ದು ಬಾವಿಗೆ ಬೀಳಿಸಿದೆ. ಯಾರಿಗೂ ಹೇಳದೆ ಶಾಲೆಗೆ ಓಡಿದೆ. ಅಲ್ಲಿ ಮಾಸ್ತರರು ಮೈಲುತುತ್ತದ ನೀಲಿ ನೀರಿನಲ್ಲಿ ಮೊಳೆ ಅದ್ದಿದರು. ಮೊಳೆ ಕೆಂಪಾಯಿತು.

"ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳೀತದೆ. ನೀರಲ್ಲಿದ್ದ ತಾಮ್ರದ ಅಯಾನು ಆ ಎರಡನ್ನ ತಕೊಂಡು ಲೋಹವಾಗಿ ಮೊಳೆ ಮೇಲೆ ಕೂರ್ತದೆ. ಒಳಗೆ ಮಾತ್ರ ಕಬ್ಬಿಣವೇ," ಎಂದರು.

ಕೊನೆಯ ಮಾತು ನನಗೆ ಬೇಕಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ, ತೋಟಕ್ಕೆ ಹೊಡೆಯಲು ತಂದಿಟ್ಟಿದ್ದ ಮೈಲುತುತ್ತವನ್ನು ಗರಟೆಯಲ್ಲಿ ಕರಗಿಸಿ, ಎಣ್ಣೆ ತೆಗೆಯುವ ಕಬ್ಬಿಣದ ಚಮಚವನ್ನು ಅದರಲ್ಲಿ ಅದ್ದಿದೆ. ಕೆಂಪೇರಿದ ಮೇಲೆ ತೊಳೆದು ದೇವರ ಮುಂದಿಟ್ಟೆ. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ದೇವರಿಗೆ ಕಬ್ಬಿಣ ಮುಟ್ಟಿಸಬಾರದೆಂದು ನನಗೆ ಹೇಳಿಕೊಟ್ಟವನು ಅವನೇ.

ನಾಲ್ಕನೆಯ ದಿನ ಅಜ್ಜ ಅದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದ. ಕೆಂಪಿನ ನಡುವೆ ಕಪ್ಪು ಇಣುಕುತ್ತಿತ್ತು.

"ಹುಣಸೆಹಣ್ಣು ಹಾಕಿ ಆನೇ ರಾಶಿ ತಿಕ್ಕಿದಿ ಕೂಸೇ. ತಾಮ್ರ ಎಲ್ಲ ಸವ್ದು ಹೋತು," ಎಂದು ತನ್ನನ್ನೇ ಹಳಿದುಕೊಂಡ. "ಎನ್ನದೇ ತಪ್ಪು."

ನಾನು ಹೂಂ ಎಂದೆ.

ಮರುದಿನದಿಂದ ಅಜ್ಜ ಅದಕ್ಕೆ ಹುಣಸೆಹಣ್ಣು ಹಚ್ಚಲಿಲ್ಲ. ಬರೀ ನೀರಿನಲ್ಲಿ, ಎಳೆಗೂಸಿನ ಮುಖ ತೊಳೆಸುವ ಹಾಗೆ, ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದ. ಪೂಜೆ ಮುಗಿದ ಮೇಲೆ ಮೊದಲ ತೀರ್ಥವನ್ನು ಅದರಿಂದಲೇ ನನ್ನ ಅಂಗೈಗೆ ಹಾಕುತ್ತಿದ್ದ.