ಕೊನೇ ಮನೆಯ ಕೂಸು

“ಕೂಸ್ಗೆ ಎರಡು ದಿವ್ಸದಿಂದ ಬೇದಿ, ಸಾ. ನೀರು ಕುಡ್ಸುದ್ರೂ ಕಕ್ಕತದ. ಕಣ್ಣು ಗುಳಿ ಬಿದ್ದೋಗವ.”

ಕೊಳ್ಳೇಗಾಲದ ಡಾಕ್ಟರು ತಲೆ ಎತ್ತಲಿಲ್ಲ. ಕೂಸು ಎಲ್ಲಿದೆ ಎಂದೂ ಕೇಳಲಿಲ್ಲ. ಚೀಟಿಯಲ್ಲಿ ಐದು ಔಷಧಿ ಗೀಚಿದರು. “ಕೆಳಗಡೆ ನಮ್ಮದೇ ಮೆಡಿಕಲ್ ಇದೆ, ಅಲ್ಲೇ ತಗೊಳ್ಳಿ. ನೆಕ್ಸ್ಟ್!”

ರತ್ನ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಬಂದಳು. ಮೆಡಿಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಯಳಂದೂರು. ಅದೇ ಮಾತು, ಅದೇ ಕಣ್ಣೀರು. ಅಲ್ಲಿ ಕೂಸನ್ನು ನೋಡುವ ಮೊದಲೇ ಮೂರು ದಿನದ ಹಾಸಿಗೆ ಗೊತ್ತು ಮಾಡಿದರು. ಸಂಜೆ ಮಾಂಬಳ್ಳಿಯಲ್ಲೊಬ್ಬ, ಕೂಸಿನ ಬದಲು ಅವಳಿಗೇ ಸೂಜಿ ಚುಚ್ಚಲು ಬಂದ. ತಾಯಿಗೆ ಶಕ್ತಿ ಬಂದರೆ ಹಾಲಿಗೂ ಶಕ್ತಿ ಬರುತ್ತದಂತೆ. ರತ್ನ ತೋಳು ಕಿತ್ತುಕೊಂಡು ಓಡಿಬಂದಳು.

ಮಂಗಳವಾರ ಬೆಳಿಗ್ಗೆ ಹನೂರು ದಾಟಿ, ಒಡೆಯರಪಾಳ್ಯದ ದಾರಿಯಲ್ಲಿದ್ದ ಒಂದು ಹಳ್ಳಿಯಲ್ಲಿ ಅವಳು ಮಂಟೇಸ್ವಾಮಿಯ ಬೆಂಚಿನ ಮೇಲೆ ಕುಳಿತಿದ್ದಳು.

ಮಂಟೇಸ್ವಾಮಿ ಡಾಕ್ಟರಲ್ಲ. ಯಾವುದೋ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕಾಂಪೌಂಡರ್ ಆಗಿದ್ದು, ಊರಿಗೆ ಬಂದು ಒಂದು ಮಳಿಗೆ ಹಿಡಿದವನು. ಬೋರ್ಡಿರಲಿಲ್ಲ, ಲೈಸೆನ್ಸಂತೂ ಮೊದಲೇ ಇರಲಿಲ್ಲ. ಸುತ್ತಿನ ದೊಡ್ಡಿಗಳೆಂಬ ಪುಟ್ಟ ಹಳ್ಳಿಗಳ ಜನ ಮಾತ್ರ ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು.

ರತ್ನ ತನ್ನ ಮಾತು ಒಪ್ಪಿಸಿದಳು. ಅವನು ಪೆನ್ನಿಗೆ ಕೈ ಹಾಕಲಿಲ್ಲ. ಅವಳ ಮುಖವನ್ನೇ ನೋಡಿದ.

“ಉಚ್ಚೆ ಉಯ್ಯತದಾ?”

“ಇಲ್ಲ, ಸಾ.”

“ಅತ್ರ ಕಣ್ಣೀರು ಬತ್ತದಾ?”

“ಇಲ್ಲ.”

“ಒಟ್ಟೆ ಚರ್ಮ ಇಡ್ದು ಬುಟ್ರ ಬಿರ್ನೆ ಒಳಕ್ಕ ಓಯ್ತದಾ?”

“ಇಲ್ಲ, ಸಾ. ಅಂಗೇ ನಿಂತ್ಕತದ.”

ಮಂಟೇಸ್ವಾಮಿ ಎದ್ದೇಬಿಟ್ಟ. “ಅಂತ ಕೂಸ ಬುಟ್ಟು ಇಲ್ಲಿ ಕುಂತಿದ್ದೀಯಲ್ಲವ್ವಾ! ಯಾವೂರು?”

“ಆಲದದೊಡ್ಡಿ. ಕೊನೇ ಮನೆ.”

ಓ.ಆರ್.ಎಸ್. ಪೊಟ್ಟಣಗಳನ್ನು ಅವಳ ಮಡಿಲಿಗೆ ಹಾಕಿದ. ಡ್ರಿಪ್ ಬಾಟ್ಲಿಗಳನ್ನು ಚೀಲಕ್ಕೆ ತುರುಕಿದ. ಬಾಗಿಲಿಗೆ ಬೀಗ ಜಡಿದು ಬೈಕಿಗೆ ಒದ್ದ. “ಬಾ, ಇಂದ್ಕ ಅತ್ತು!”

ರತ್ನ ತಬ್ಬಿಬ್ಬಾದಳು. ಕಲಿಸಿಕೊಟ್ಟ ಪಾಠದಲ್ಲಿ ಇದು ಇರಲಿಲ್ಲ.

ಏಕೆಂದರೆ ಅವಳಿಗೆ ಕೂಸಿರಲಿಲ್ಲ. ಮದುವೆಯೂ ಆಗಿರಲಿಲ್ಲ. ಖಾಸಗಿ ವೈದ್ಯರು ಹಳ್ಳಿಯ ಜನಕ್ಕೆ ಎಷ್ಟರ ಮಟ್ಟಿಗೆ ಆಸರೆ ಎಂದು ಅಳೆಯುವ ಸಮೀಕ್ಷೆಯಲ್ಲಿ ಅವಳು ಸುಳ್ಳು ರೋಗಿಯ ತಾಯಿ. ಮೂರು ವಾರ ಅಳುವುದನ್ನು ಕಲಿತು ಬಂದವಳು.

“ಅಣ್ಣನ ಗಾಡಿ ಅಲ್ಲಿ ನಿಂತದ, ಸಾ. ನಾ ಅದ್ರಲ್ಲೇ ಬತ್ತೀನಿ,” ಎಂದು ತೊದಲಿದಳು.

“ಸರಿ, ಬಾ. ನಾ ಮುಂದ ಓಗಿರ್ತೀನಿ. ಎದುರ್ಕಬ್ಯಾಡ ಕಣವ್ವ, ಉಳಿಸ್ಕಳವ.”

ಬೈಕು ದೂಳೆಬ್ಬಿಸಿಕೊಂಡು ಕಾಡಿನ ದಾರಿ ಹಿಡಿಯಿತು.

ಹುಣಸೇಮರದ ಹಿಂದೆ ಜೀಪಿನಲ್ಲಿದ್ದ ಸಮೀಕ್ಷೆಯ ಮೇಲ್ವಿಚಾರಕ ಶಿವಕುಮಾರಸ್ವಾಮಿಗೆ ರತ್ನ ನಡೆದದ್ದನ್ನೆಲ್ಲ ಹೇಳಿದಳು. “ಅವರಿಗೆ ಫೋನ್ ಮಾಡಿ ನಿಜ ಹೇಳಿಬಿಡೋಣ ಸಾರ್. ಪಾಪ, ಹುಡುಕ್ತಾರೆ.”

“ಇವತ್ತು ಇವನಿಗೆ ಹೇಳಿದರೆ ನಾಳೆ ಹನೂರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಎಲ್ಲರೂ ನಿನ್ನ ಮುಂದೆ ಒಳ್ಳೆಯವರೇ. ಆಲದದೊಡ್ಡಿ ಅನ್ನೋ ಹೆಸರು ಯಾಕೆ ಆರಿಸಿದ್ದು? ಈ ಕಾಡಂಚಿನಲ್ಲಿ ಅದೇ ಹೆಸರಿನವು ನಾಲ್ಕಿವೆ. ಯಾರೂ ಪತ್ತೆ ಮಾಡಬಾರದು ಅಂತಾನೇ. ಹುಡುಕಿ ಸಾಕಾಗಿ ಬರ್ತಾನೆ ಬಿಡು.”

ರತ್ನ ಅಂಕದ ಹಾಳೆ ತೆಗೆದು ತುಂಬತೊಡಗಿದಳು. ಕೇಳಬೇಕಾದ್ದೆಲ್ಲ ಕೇಳಿದರೇ? ಹೌದು. ಕೂಸನ್ನು ನೋಡಬೇಕೆಂದರೇ? ಹೌದು. ಇದುವರೆಗೆ ನೋಡಿದ ನಲವತ್ತೊಂದು ಮಂದಿ ವೈದ್ಯರಲ್ಲಿ ಪೂರ್ತಿ ಅಂಕ ಬಿದ್ದದ್ದು ಅವನೊಬ್ಬನಿಗೇ. ವಿದ್ಯಾರ್ಹತೆಯ ಮುಂದೆ ಸೊನ್ನೆ ಬರೆಯುವಾಗ ಅವಳಿಗೆ ನಗು ಬಂತು. ಹಿಂದೆಯೇ ಹೆಮ್ಮೆಯೂ ಆಯಿತು, ಸ್ವಂತ ಚಿಕ್ಕಪ್ಪನೇ ಗೆದ್ದ ಹಾಗೆ.

ಶುಕ್ರವಾರ ಮತ್ತೆ ಹೋದಳು. ಈಗ ಚೂಡಿದಾರ, ಕೊರಳಲ್ಲಿ ಗುರುತಿನ ಚೀಟಿ. ಆ ಕಡೆಯ ಸುಳ್ಳು ಭೇಟಿಗಳೆಲ್ಲ ಮುಗಿದಿದ್ದವು; ಇನ್ನು ಗುಟ್ಟು ಬಿಚ್ಚಿ ಹೇಳಿ, ಅವನ ಒಪ್ಪಿಗೆ ಪಡೆದು, ಮಾತಾಡಿಸಿ ಬರಬೇಕಿತ್ತು. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದಳು. ಅವನು ಮೊದಲು ಬಯ್ಯುತ್ತಾನೆ, ಆಮೇಲೆ ನಕ್ಕುಬಿಡುತ್ತಾನೆ ಎಂದುಕೊಂಡಳು.

ಮಳಿಗೆಗೆ ಬೀಗ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಕೇಳಿದರೆ ಮಹದೇವಮ್ಮ ಎಂದಳು. ರೋಗಿಗಳನ್ನು ಕೇಳುವ ಪ್ರಶ್ನೆಗಳೂ ಇದ್ದವಲ್ಲ, ರತ್ನ ಹಾಳೆ ತೆಗೆದು ಪಕ್ಕದಲ್ಲಿ ಕೂತಳು.

“ಎಷ್ಟು ಹೊತ್ತಿನಿಂದ ಕಾಯ್ತಿದ್ದೀರಮ್ಮ?”

“ನಾ ಕಾಯ್ತಾ ಇಲ್ಲ ಕಣವ್ವ. ಬಂದೋರ್ನೆಲ್ಲ ಅನೂರ್ಗೆ ಓಗಿ ಅಂತ ಕಳಿಸ್ತೀನಿ. ನನ್ನಂಗ ಯಾರೂ ಕಾಯ್ಬಾರ್ದು.”

“ನೀವು ಕಾದಿದ್ದು ಯಾವತ್ತು?”

“ಮೊನ್ನೆ ಮಂಗ್ಳವಾರ. ಕೂಸ್ಗೆ ಬೇದಿ ಅತ್ಕಂಡಿತ್ತು, ಎತ್ಕಂಡು ಬಂದೆ. ಬೀಗ. ಈಗ ಬತ್ತಾರ, ಆಗ ಬತ್ತಾರ ಅಂದ್ರು. ಕುಂತೆ. ಡಾಕ್ಟ್ರು ಬಂದದ್ದು ಬೈಗಾದ್ಮ್ಯಾಲ. ಅಷ್ಟೊತ್ಗ ನನ್ ಮಡಿಲಲ್ಲೇ ತಣ್ಗಾಗೋಗಿತ್ತು.”

ರತ್ನಳ ಪೆನ್ನು ನಿಂತಿತು. ಕೊರಳಿನ ಗುರುತಿನ ಚೀಟಿಯನ್ನು ಹಾಳೆಯಿಂದ ಮುಚ್ಚಿಕೊಂಡಳು. “ಡಾಕ್ಟ್ರು... ಈಗ ಎಲ್ಲಿ?” ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

“ಆಲದದೊಡ್ಡಿ ಕೊನೇ ಮನೇಲಿ ಇನ್ನೊಂದು ಕೂಸು ಇಂಗೇ ಬೇದಿ ಅತ್ಕಂಡು ಮಲ್ಗಿದ್ದದಂತ, ಇನ್ನೂ ಸಿಕ್ಕಿಲ್ಲ, ದಿನಾ ಬೆಳ್ಗೆ ನಾನೇ ಬಂದು ಅವ್ರ ಎಬ್ಬಿಸಿ ಕಳಿಸ್ತೀನಿ ಕಣವ್ವ, ಆ ತಾಯಿ ಕೂಸಾದ್ರೂ ಉಳ್ಕಳ್ಲಿ ಅಂತ.”