ಅಮ್ಮನ ಪಾಲಿನ ಬಂಗುಡೆ

ಪಕ್ಕದ ಮನೆಯಲ್ಲಿ ಯಾರೋ ಬಂಗುಡೆ ಮೀನು ಹುರಿಯುತ್ತಿದ್ದಾರೆ; ಆ ವಾಸನೆಗೆ ಪಡೀಲಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ತಮ್ಮ ಆಗಿನ್ನೂ ಎಳೆಮಗು. ಅವನ ಕೆನ್ನೆ ಕೆಂಪಾಗಿ ಒರಟಾಗಿತ್ತು. ಎದೆಹಾಲು ಕುಡಿದಾಗಲೆಲ್ಲ ಬೆನ್ನು ಸೆಟೆದು ಅಳುತ್ತಿದ್ದ. "ನೀನು ಬಂಗುಡೆ ತಿಂದದ್ದಕ್ಕೇ ಹೀಗಾದದ್ದು" ಎಂದು ಅಪ್ಪನ ಅಮ್ಮ, ನಮ್ಮೆಲ್ಲರ ಮಾಯ್, ಅಮ್ಮನಿಗೆ ಮೀನು ನಿಲ್ಲಿಸಿಬಿಟ್ಟರು. ಬದಲಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ದನದ ಹಾಲು, ದೊಡ್ಡ ಲೋಟದ ತುಂಬ. "ಹಾಲು ಕುಡಿದ್ರೆ ಅಲ್ವಾ ಹಾಲು ಬರುವುದು!" ಎನ್ನುತ್ತಿದ್ದರು ಮಾಯ್. ಅಮ್ಮ ಉಸಿರು ಬಿಗಿಹಿಡಿದು ಕುಡಿಯುತ್ತಿದ್ದಳು. ಮಗುವಿನ ಅಳು ಮಾತ್ರ ಹೆಚ್ಚುತ್ತಲೇ ಹೋಯಿತು.

ಆ ದಿನ ಮಗುವಿನ ಮಲದಲ್ಲಿ ರಕ್ತದ ಎಳೆ ಕಂಡಿತು. ಡಾಕ್ಟರ ಬಳಿ ಓಡಿದ್ದ ಅಮ್ಮ ಮಧ್ಯಾಹ್ನ ಮರಳಿದಳು.

"ಎಂತ ಹೇಳಿದ್ರು?" ಮಾಯ್ ಹಾಲಿನ ಲೋಟ ಹಿಡಿದೇ ಬಾಗಿಲಿಗೆ ಬಂದರು.

ಅಮ್ಮ ಲೋಟವನ್ನೇ ನೋಡಿದಳು. "ಎದೆಹಾಲು ನಿಲ್ಲಿಸುವುದು ಬೇಡ ಅಂತೆ ಮಾಯ್. ನಾನು ಕುಡಿಯುವ ದನದ ಹಾಲು ಮಗುವಿಗೆ ಆಗದೇ ಇರಬಹುದಂತೆ, ಸ್ವಲ್ಪ ದಿನ ಬಿಟ್ಟು ನೋಡಬೇಕಂತೆ." ಸ್ವಲ್ಪ ತಡೆದು ಹೇಳಿದಳು: "ಮೀನು ತಿನ್ನಬಹುದಂತೆ."

ಮಾಯ್ ಲೋಟವನ್ನು ನನ್ನ ಕೈಗಿತ್ತು ಒಳಗೆ ಹೋದರು. ಎಣ್ಣೆ ಚುರುಗುಟ್ಟಿತು, ಮೆಣಸಿನ ಘಾಟು ಹೊರಗಿನವರೆಗೆ ಬಂತು.

ಊಟಕ್ಕೆ ಕುಳಿತ ಅಮ್ಮನ ತೊಡೆಯ ಮೇಲೆ ತಮ್ಮ ಮಲಗಿದ್ದ. ಅವಳಿಗೆ ಒಂದೇ ಕೈ ಬಿಡುವು. ಮಾಯ್ ಎದುರು ಕುಳಿತು ಇದ್ದುದರಲ್ಲೇ ದೊಡ್ಡ ಬಂಗುಡೆಯ ಮುಳ್ಳು ಬಿಡಿಸಿ, ಒಂದೊಂದೇ ತುಂಡನ್ನು ಅವಳ ಅನ್ನದ ಮೇಲಿಟ್ಟರು. ಅಲ್ಲಿಯವರೆಗೆ ಅವರು ಮುಳ್ಳು ಬಿಡಿಸಿಕೊಡುತ್ತಿದ್ದದ್ದು ನನಗೊಬ್ಬಳಿಗೇ.

"ತಿನ್ನು," ಎಂದರು, ತಲೆ ಎತ್ತದೆ. "ಆರಿದ್ರೆ ರುಚಿ ಇಲ್ಲ."